ಸ್ವಿಫ್ಟ್‌ಗೆ ಹೊಸ ಬ್ರೇಕ್ ಪ್ಯಾಡ್: ತಿಂಗಳಿಗೊಮ್ಮೆ ಶಿರಾಡಿ ಇಳಿಯುವವರು ಯಾವುದು ಹಾಕಿಸಬೇಕು?

ಶಿರಾಡಿ ಸವಾರ

ಎಲ್ಲರಿಗೂ ನಮಸ್ಕಾರ. ನಮ್ಮದು 2018ರ ಪೆಟ್ರೋಲ್ ಸ್ವಿಫ್ಟ್. ವಾರವೆಲ್ಲ ಬೆಂಗಳೂರಿನ ಟ್ರಾಫಿಕ್, ತಿಂಗಳಿಗೊಮ್ಮೆ ಹಾಸನ, ಸಕಲೇಶಪುರ, ಶಿರಾಡಿ ದಾಟಿ ಪುತ್ತೂರು. ಅಪ್ಪ, ಅಮ್ಮ, ನಾವಿಬ್ಬರು, ಮಗಳು. ಹೋಗುವಾಗ ಡಿಕ್ಕಿ ತುಂಬ ಲಗೇಜು, ಬರುವಾಗ ತೆಂಗಿನಕಾಯಿ. ಒಟ್ಟಿನಲ್ಲಿ ಗಾಡಿ ಯಾವಾಗಲೂ ಫುಲ್ ಲೋಡ್.

ಕೆಲವು ದಿನಗಳಿಂದ ಮುಂದಿನ ಎಡ ಚಕ್ರದ ಕಡೆಯಿಂದ ಕೀಂಯ್ ಅಂತ ಸದ್ದು ಬರುತ್ತಿದೆ. ಬ್ರೇಕ್ ಒತ್ತದೆ ಇದ್ದಾಗಲೂ ಕೇಳುತ್ತದೆ, ಒತ್ತಿದರೆ ಒಮ್ಮೊಮ್ಮೆ ನಿಲ್ಲುತ್ತದೆ. ಒಂದು ಸರ್ವಿಸ್ ಸೆಂಟರಿಗೆ ಹೋದೆ. ಚಕ್ರ ಬಿಚ್ಚದೆಯೇ "ಪ್ಯಾಡ್ ಮುಗಿದಿದೆ, ಡಿಸ್ಕ್ ಕೂಡ ಹೋಗಿದೆ, ಎರಡೂ ಬದಲಿಸಬೇಕು" ಅಂತ ಎಸ್ಟಿಮೇಟ್ ಬರೆದುಕೊಟ್ಟರು. ಮನೆ ಹತ್ತಿರದ ಗ್ಯಾರೇಜಿನವರು "ಘಟ್ಟಕ್ಕೆ ಹೋಗ್ತೀರಲ್ಲ ಸರ್, ಸೆರಾಮಿಕ್ ಹಾಕಿಸಿಬಿಡಿ, ಟೆನ್ಷನ್ನೇ ಇಲ್ಲ" ಅಂದರು. ನಮ್ಮ ಭಾವನಂತೂ ಕಂಪನಿ ಪ್ಯಾಡ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡ ಅನ್ನುತ್ತಾನೆ.

ದುಡ್ಡು ಉಳಿಸಲೇಬೇಕು ಅಂತಿಲ್ಲ. ಆದರೆ ಕೊಟ್ಟ ದುಡ್ಡಿಗೆ ಬ್ರೇಕ್ ಸರಿಯಾಗಿ ಹಿಡಿಯಬೇಕು. ಘಟ್ಟದಲ್ಲಿ ಹಿಂದಿನ ಸೀಟಿನಲ್ಲಿ ಕೂತಿರುವುದು ಮನೆಯವರೇ ಅಲ್ವಾ. ಅನುಭವ ಇರುವವರು ದಯವಿಟ್ಟು ತಿಳಿಸಿ.

ಹಳೇ ಸ್ಪ್ಯಾನರ್

ನಮಸ್ಕಾರ ಸರ್. ನಾನು ಹಾಸನದಲ್ಲಿ ಗ್ಯಾರೇಜ್ ಇಟ್ಟವನು. ಘಟ್ಟ ಇಳಿಯುವ, ಹತ್ತುವ ಗಾಡಿಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ.

ಯಾವ ಪ್ಯಾಡ್ ಅಂತ ಆಮೇಲೆ ನೋಡೋಣ. ಮೊದಲು ಚಕ್ರ ಬಿಚ್ಚಿಸಿ. ಬಿಚ್ಚದೆ ಡಿಸ್ಕ್ ಹೋಗಿದೆ ಅನ್ನುವವರ ಮಾತು ನಂಬಬೇಡಿ. ನೀವು ಹೇಳುವ ಸದ್ದು ಹೆಚ್ಚಾಗಿ ಪ್ಯಾಡಿನ ಎಚ್ಚರಿಕೆ ಪಟ್ಟಿಯದು. ಪ್ಯಾಡಿನ ಹಿಂದಿನ ಕಬ್ಬಿಣದ ತಗಡಿಗೆ ಸಣ್ಣದೊಂದು ಸ್ಪ್ರಿಂಗ್ ಪಟ್ಟಿ ಕೂರಿಸಿರುತ್ತಾರೆ. ಮೇಲಿನ ಮಸಾಲೆ (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಉಜ್ಜಿ ಹಿಡಿಯುವ ಪದರ) ಸವೆದು ಎರಡು ಮೂರು ಮಿ.ಮೀ.ಗೆ ಬಂದಾಗ ಆ ಪಟ್ಟಿ ಡಿಸ್ಕಿಗೆ ತಾಗಿ ಕಿರುಚುತ್ತದೆ. ಅದು ಕಿರುಚಲಿ ಅಂತಲೇ ಇಟ್ಟಿರುವುದು. ಕೇಳಿದ ಮೇಲೆ ತಡ ಮಾಡಬೇಡಿ, ಪುತ್ತೂರು ಟ್ರಿಪ್ ಇದ್ದರೆ ಮುಂದಕ್ಕೆ ಹಾಕಿ.

ಬಿಚ್ಚಿದಾಗ ನೋಡಬೇಕಾದ್ದು ಇಷ್ಟು. ಒಳಗಿನ ಪ್ಯಾಡ್ ಎಷ್ಟಿದೆ, ಹೊರಗಿನದು ಎಷ್ಟಿದೆ, ಎರಡನ್ನೂ ಬೇರೆ ಬೇರೆ ಅಳೆಯಿರಿ. ತಗಡನ್ನು ಸೇರಿಸಬೇಡಿ, ಮಸಾಲೆ ಮಾತ್ರ. ಚಕ್ರದ ಸಂದಿಯಿಂದ ಇಣುಕಿ ನೋಡಿದರೆ ಹೊರಗಿನದು ಮಾತ್ರ ಕಾಣುತ್ತದೆ, ಅದನ್ನು ನಂಬಿ ಎಷ್ಟೋ ಜನ ಕೂತುಬಿಡುತ್ತಾರೆ. ಹೊಸ ಪ್ಯಾಡಿನಲ್ಲಿ ಮಸಾಲೆ ಸುಮಾರು 10 ಮಿ.ಮೀ. ಆಸುಪಾಸು ಇರುತ್ತದೆ. 3ಕ್ಕೆ ಬಂದರೆ ಬದಲಿಸುವ ಹೊತ್ತು. 2ಕ್ಕಿಂತ ಕೆಳಗೆ ಓಡಿಸಲೇಬಾರದು.

ಡಿಸ್ಕಿನ ಕಥೆ ಇನ್ನೂ ಸುಲಭ. ಎಷ್ಟು ದಪ್ಪಕ್ಕಿಂತ ಕಡಿಮೆ ಆಗಬಾರದು ಅನ್ನುವುದನ್ನು ಡಿಸ್ಕಿನ ಮೇಲೆಯೇ ಅಚ್ಚು ಹಾಕಿರುತ್ತಾರೆ. ನಡುವಿನ ಟೋಪಿ ಭಾಗದಲ್ಲೋ ಅಂಚಿನಲ್ಲೋ ಹುಡುಕಿ. ತುಕ್ಕಿದ್ದರೆ ವೈರ್ ಬ್ರಷ್ ಹಾಕಿ ಉಜ್ಜಿದರೆ ಓದಲು ಬರುತ್ತದೆ. ಆಮೇಲೆ ಮೈಕ್ರೋಮೀಟರಿನಲ್ಲಿ ಅಳೆಯಿರಿ. ವರ್ನಿಯರ್ ಬೇಡ, ಸವೆದ ಡಿಸ್ಕಿನ ಅಂಚಿನಲ್ಲಿ ಏಣು ಎದ್ದಿರುತ್ತದೆ, ವರ್ನಿಯರ್ ಅದರ ಮೇಲೆ ಕೂತು ಜಾಸ್ತಿ ತೋರಿಸುತ್ತದೆ. ಅಚ್ಚಿನ ಅಂಕಿಗಿಂತ ಚೆನ್ನಾಗಿ ಮೇಲಿದ್ದು, ಬಿರುಕು ಇಲ್ಲ, ಆಳವಾದ ಗೀರು ಇಲ್ಲ ಅಂದರೆ ಡಿಸ್ಕ್ ಬದಲಿಸುವುದು ಬೇಡ.

ಧಾರವಾಡದ ದಾರಿ

ನಾನು ಸೆರಾಮಿಕ್ ಪರ ನೋಡ್ರಿ. ನಮ್ಮ ಗಾಡಿಗೆ ಹಾಕಿಸಿದ ಮೇಲೆ ಚಕ್ರದ ಮೇಲೆ ಕರಿ ಪುಡಿ ಕೂರುವುದೇ ನಿಂತಿತು, ಸದ್ದೂ ಇಲ್ಲ. ಧಾರವಾಡ, ಬೆಳಗಾವಿ, ಪುಣೆ ಹೈವೇನಲ್ಲಿ ಆರಾಮ. ಸ್ವಲ್ಪ ರೊಕ್ಕ ಜಾಸ್ತಿ ಆದರೂ ಚಿಂತೆ ಇಲ್ಲರಿ. ಮತ್ತೆ ಸೆರಾಮಿಕ್ ಅಂದರೆ ರೇಸ್ ಕಾರಿಗೆ ಹಾಕುವುದಲ್ವಾ, ಘಟ್ಟಕ್ಕೆ ಸಾಲದೆ ಇರುತ್ತದೆಯೇ?

ಮೇಷ್ಟ್ರು ಮಾತು

ಧಾರವಾಡದವರೇ, ತುಂಬ ದುಬಾರಿ ಸ್ಪೋರ್ಟ್ಸ್ ಕಾರುಗಳಲ್ಲಿ ಇರುವುದು ಕಾರ್ಬನ್ ಸೆರಾಮಿಕ್ ಡಿಸ್ಕ್. ಅಂಗಡಿಯಲ್ಲಿ ಸಿಗುವುದು ಸೆರಾಮಿಕ್ ಪ್ಯಾಡ್. ಎರಡಕ್ಕೂ ಸಂಬಂಧ ಇಲ್ಲ. ಸೆರಾಮಿಕ್ ಪ್ಯಾಡ್ ಅಂದರೆ ಮಸಾಲೆಯ ಮಿಶ್ರಣದಲ್ಲಿ ಉಕ್ಕಿನ ಎಳೆಗಳ ಬದಲು ಸೆರಾಮಿಕ್ ಎಳೆಗಳು ಇರುತ್ತವೆ, ಅಷ್ಟೇ. ಎಷ್ಟು ಪಾಲು ಇದ್ದರೆ ಆ ಹೆಸರು ಹಾಕಬಹುದು ಅನ್ನುವುದು ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಹಾಗಾಗಿ ಡಬ್ಬದ ಮೇಲೆ ಆ ಪದ ನೋಡಿ ಗುಣ ಅಳೆಯಲು ಆಗುವುದಿಲ್ಲ.

ಘಟ್ಟದ ವಿಷಯಕ್ಕೆ ಬರೋಣ. ಸ್ವಿಫ್ಟ್ ಖಾಲಿ ಇದ್ದಾಗ 900 ಕಿಲೋ ಒಳಗೇ ಇದೆ. ಐದು ಜನ, ಲಗೇಜು, ಪೆಟ್ರೋಲ್ ಎಲ್ಲ ಸೇರಿ 1300 ಕಿಲೋ ಅಂತಿಟ್ಟುಕೊಳ್ಳಿ. ಘಟ್ಟದಲ್ಲಿ ಗಾಡಿ 500 ಮೀಟರ್ ಕೆಳಗೆ ಇಳಿಯಿತು ಅಂದುಕೊಳ್ಳೋಣ. ಅಷ್ಟು ಎತ್ತರದಲ್ಲಿ ಇದ್ದ ಶಕ್ತಿ ಸುಮಾರು 64 ಲಕ್ಷ ಜೂಲ್. ಇಷ್ಟರಲ್ಲಿ 19 ಲೀಟರ್ ತಣ್ಣೀರನ್ನು ಕುದಿಸಬಹುದು. ಒಂದು ದೊಡ್ಡ ಬಕೆಟ್ ತುಂಬ ಕುದಿಯುವ ನೀರು! ಗಾಳಿ, ಟಯರಿನ ಉಜ್ಜಾಟ ಒಂದು ಪಾಲು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತೆಗೆದುಕೊಳ್ಳಬೇಕು, ಇಲ್ಲ ಬ್ರೇಕ್ ತೆಗೆದುಕೊಳ್ಳಬೇಕು. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ ದೊಡ್ಡ ಪಾಲು ಹೊರುತ್ತದೆ. ನ್ಯೂಟ್ರಲ್‌ನಲ್ಲೋ ನಾಲ್ಕನೇ ಗೇರಿನಲ್ಲೋ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಹುಪಾಲು ಬಿಸಿ ಬ್ರೇಕಿಗೆ, ಅದರಲ್ಲೂ ಮುಂದಿನ ಎರಡು ಡಿಸ್ಕಿಗೆ ಹೋಗುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಕೆಲಸದ ಮುಕ್ಕಾಲು ಭಾಗದಷ್ಟನ್ನು ಮುಂದಿನವೇ ಮಾಡುತ್ತವೆ.

ಹೀಗಾಗಿ ಯಾವ ಪ್ಯಾಡ್ ಅನ್ನುವ ಪ್ರಶ್ನೆಗಿಂತ ಯಾವ ಗೇರ್ ಅನ್ನುವುದು ಘಟ್ಟದಲ್ಲಿ ದೊಡ್ಡದು. ನನ್ನ ವಿದ್ಯಾರ್ಥಿಗಳಿಗೂ ಇದನ್ನೇ ಹೇಳುತ್ತೇನೆ.

ಜೆ.ಸಿ. ರೋಡ್ ಕೌಂಟರ್

ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸ ಮಾಡುವವನಾಗಿ ಎರಡು ಮಾತು.

ಸ್ವಿಫ್ಟ್‌ಗೆ ನಮ್ಮಲ್ಲಿ ಮೂರು ಥರ ಕೇಳುತ್ತಾರೆ. ಒಂದು, ಮಾರುತಿ ಜೆನ್ಯೂನ್ ಪಾರ್ಟ್ಸ್ ಡಬ್ಬದ್ದು. ಎರಡು, ರಾಣೆ, ಬಾಷ್, ಬ್ರೆಂಬೋ ಥರದ ಹೆಸರಿರುವ ಕಂಪನಿಗಳದ್ದು. ಮೂರು, ಹೆಸರೇ ಕೇಳದ ಡಬ್ಬ, ಅರ್ಧ ರೇಟು. ಮೊದಲ ಎರಡರಲ್ಲಿ ಯಾವುದು ತಗೊಂಡರೂ ನಿಮ್ಮ ಬಳಕೆಗೆ ಸಾಕು. ಮೂರನೆಯದನ್ನು ನಮ್ಮ ಸ್ವಂತ ಗಾಡಿಗೆ ಹಾಕುವುದಿಲ್ಲ.

ಗಾಡಿಯ ಆರ್‌ಸಿ ಅಥವಾ ಚಾಸಿಸ್ ನಂಬರ್ ತನ್ನಿ. "ಸ್ವಿಫ್ಟ್ ಪ್ಯಾಡ್ ಕೊಡಿ" ಅಂದರೆ ಸಾಲದು. ಹಳೇ ಮಾಡೆಲ್, ಹೊಸ ಮಾಡೆಲ್, ಡೀಸೆಲ್, ಪೆಟ್ರೋಲ್ ಅಂತ ವ್ಯತ್ಯಾಸ ಇರಬಹುದು. ನಂಬರ್ ಇದ್ದರೆ ಕ್ಯಾಟಲಾಗಿನಲ್ಲಿ ಪಾರ್ಟ್ ನಂಬರ್ ನೋಡಿಯೇ ಕೊಡುತ್ತೇವೆ. ಹಳೇ ಪ್ಯಾಡ್ ಜೊತೆಗೆ ತಂದರೆ ಇನ್ನೂ ಒಳ್ಳೇದು, ತಗಡಿನ ಆಕಾರ, ಕಿವಿ (ತಗಡಿನ ತುದಿಯ ಚಾಚು), ಪಟ್ಟಿ ಯಾವ ಕಡೆ ಇದೆ ಅಂತ ಪಕ್ಕದಲ್ಲಿಟ್ಟು ನೋಡಬಹುದು.

ಡೂಪ್ಲಿಕೇಟ್ ಬಗ್ಗೆ ಹೇಳಲೇಬೇಕು. ಹೆಚ್ಚು ಓಡುವ ಗಾಡಿಯ ಪಾರ್ಟುಗಳಿಗೇ ಡೂಪ್ಲಿಕೇಟ್ ಕಾಟ ಹೆಚ್ಚು. ಡಬ್ಬದ ಪ್ರಿಂಟ್ ಮಂಕಾಗಿದೆಯಾ, ಎಂಆರ್‌ಪಿ ಸ್ಟಿಕ್ಕರ್ ಮೇಲೆ ಇನ್ನೊಂದು ಸ್ಟಿಕ್ಕರ್ ಇದೆಯಾ, ಹೊಲೊಗ್ರಾಂ ಕೆರೆದಂತಿದೆಯಾ ನೋಡಿ. ಆಮೇಲೆ ಡಬ್ಬ ತೆಗೆದು ಪ್ಯಾಡ್ ಕೈಯಲ್ಲಿ ಹಿಡಿಯಿರಿ. ಮಸಾಲೆ ತಗಡಿಗೆ ಅಂಟಿದ ಗೆರೆ ಸುತ್ತಲೂ ಬಿಗಿಯಾಗಿರಬೇಕು, ಉಗುರು ಹೋಗುವ ಸಂದಿ ಇರಬಾರದು. ಮೂಲೆ ಉದುರಿರಬಾರದು. ತಗಡಿನ ಬಣ್ಣ ಒಂದೇ ಸಮ ಇರಬೇಕು. ನಾಲ್ಕು ಪ್ಯಾಡಿನ ಮೇಲೂ ಒಂದೇ ಬ್ಯಾಚ್ ನಂಬರ್ ಇದ್ದರೆ ಸಮಾಧಾನ. ಬಿಲ್ ತಗೊಳ್ಳದೆ ಹೋಗಬೇಡಿ.

ಇನ್ನೊಂದು, ಪ್ಯಾಡಿನ ಅಂಚಿನಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತದೆ. ಇಇ, ಎಫ್‌ಎಫ್, ಎಫ್‌ಇ, ಜಿಜಿ ಹೀಗೆ. ಅದನ್ನು ಮೇಷ್ಟ್ರು ಇನ್ನೂ ಚೆನ್ನಾಗಿ ಬಿಡಿಸಿ ಹೇಳಬಹುದು.

ಮೇಷ್ಟ್ರು ಮಾತು

ಖಂಡಿತ. ಅದು ಅಮೆರಿಕದ ಎಸ್‌ಎಇ ಸಂಸ್ಥೆಯ ಜೆ866 ಅನ್ನುವ ಪದ್ಧತಿ. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ ಪ್ಯಾಡ್ ಎಷ್ಟು ಹಿಡಿಯುತ್ತದೆ ಅನ್ನುವುದು, ಎರಡನೆಯದು ಚೆನ್ನಾಗಿ ಕಾದ ಮೇಲೆ ಎಷ್ಟು ಹಿಡಿಯುತ್ತದೆ ಅನ್ನುವುದು. ಇ ಅಂದರೆ ಘರ್ಷಣೆಯ ಅಂಕಿ 0.25ರಿಂದ 0.35. ಎಫ್ ಅಂದರೆ 0.35ರಿಂದ 0.45. ಜಿ ಅಂದರೆ 0.45ರಿಂದ 0.55.

ಎಫ್‌ಇ ಅಂತ ಇದ್ದರೆ ಕಾದಾಗ ಹಿಡಿತ ಒಂದು ಮೆಟ್ಟಿಲು ಇಳಿಯುತ್ತದೆ ಅಂತ ಅರ್ಥ. ಘಟ್ಟ ಇಳಿಯುವವರಿಗೆ ಎರಡನೇ ಅಕ್ಷರ ಮೊದಲನೆಯದಕ್ಕಿಂತ ಕೆಳಗಿಲ್ಲದಿದ್ದರೆ ಒಳ್ಳೆಯದು. ಆದರೆ ಇದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಆ ಪರೀಕ್ಷೆ ನಡೆಯುವುದು ಪ್ಯಾಡಿನಿಂದ ಕತ್ತರಿಸಿದ ಒಂದಂಗುಲದ ತುಂಡಿನ ಮೇಲೆ, ಯಂತ್ರದಲ್ಲಿ. ನಿಮ್ಮ ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಅಂತ ಅದು ಹೇಳುವುದಿಲ್ಲ. ಜಿಜಿ ಇದೆ ಅಂತ ಎಫ್‌ಎಫ್ ಬಿಟ್ಟು ಹಾರುವುದೂ ಬೇಡ. ಮುಂದಿನ ಹಿಡಿತ, ಹಿಂದಿನ ಚಕ್ರದ ಡ್ರಮ್ ಬ್ರೇಕಿನ ಹಿಡಿತ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಎಲ್ಲವನ್ನೂ ಕಂಪನಿಯವರು ಒಂದು ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಹಳೇ ಪ್ಯಾಡಿನಲ್ಲಿ ಏನಿದೆಯೋ ಅದರ ಆಸುಪಾಸೇ ಇರಲಿ.

ನೆಕ್ಕರ್ ತೀರ

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ. ಮೇಷ್ಟ್ರ ಕೊನೆಯ ಮಾತಿಗೆ ಇಲ್ಲಿ ಕಾನೂನೇ ಇದೆ. ಯುರೋಪಿನಲ್ಲಿ ಬದಲಿ ಪ್ಯಾಡ್ ಮಾರಬೇಕಾದರೆ ಆರ್ 90 ಅನ್ನುವ ನಿಯಮ ಪಾಲಿಸಬೇಕು. ಮೂಲ ಪ್ಯಾಡಿನ ಹಿಡಿತಕ್ಕೂ ಬದಲಿ ಪ್ಯಾಡಿನ ಹಿಡಿತಕ್ಕೂ ಶೇಕಡಾ 15ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಆಗಬಾರದು, ಹೆಚ್ಚೂ ಆಗಬಾರದು. ಹೆಚ್ಚು ಹಿಡಿದರೆ ಒಳ್ಳೆಯದೇ ಅಲ್ವಾ ಅಂತ ಅನ್ನಿಸುತ್ತದೆ, ಆದರೆ ಮಳೆಯಲ್ಲಿ ಮುಂದಿನ ಚಕ್ರ ಬೇಗ ಲಾಕ್ ಆಗಲು ಹೊರಡುತ್ತದೆ, ಆ ಕಾರಣಕ್ಕೆ ಎರಡೂ ಕಡೆ ಮಿತಿ.

ಪಾಸಾದ ಪ್ಯಾಡಿನ ತಗಡಿನ ಮೇಲೆ ವೃತ್ತದೊಳಗೆ ಇ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ಆಮೇಲೆ 90ಆರ್ ಅಂತ ಅಚ್ಚು ಇರುತ್ತದೆ. ಊರಿಗೆ ಬಂದಾಗ ಅಪ್ಪನ ಗಾಡಿಗೆ ಪ್ಯಾಡ್ ಕೊಳ್ಳುವಾಗ ಬಾಷ್, ಬ್ರೆಂಬೋ ಕೆಲವು ಡಬ್ಬಗಳಲ್ಲಿ ಈ ಗುರುತು ಕಂಡೆ. ಕಂಡರೆ ಅದು ಪರೀಕ್ಷೆ ಆದ ಮಾಲು ಅನ್ನುವ ಒಂದು ಧೈರ್ಯ.

ಶಿರಾಡಿ ಸವಾರ

ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಬೇರೆ ಗ್ಯಾರೇಜಿನಲ್ಲಿ ಎರಡೂ ಚಕ್ರ ಬಿಚ್ಚಿಸಿ, ಪಕ್ಕದಲ್ಲೇ ನಿಂತು ಅಳೆಸಿದೆ.

ಬಲಗಡೆ ಒಳಗಿನದು 5, ಹೊರಗಿನದು 5 ಮಿ.ಮೀ. ಎಡಗಡೆ ಹೊರಗಿನದು 6, ಒಳಗಿನದು ಬರೀ 2. ಎಚ್ಚರಿಕೆ ಪಟ್ಟಿ ಡಿಸ್ಕಿಗೆ ತಾಗಿ ಹೊಳೆಯುತ್ತಿತ್ತು. ಡಿಸ್ಕ್ ಎರಡೂ ಅಚ್ಚಿನ ಅಂಕಿಗಿಂತ ಮೇಲಿವೆ, ಒಂದಿಷ್ಟು ಏಣು ಬಿಟ್ಟರೆ ಮೈ ನಯವಾಗಿದೆ. ಆ ಎಸ್ಟಿಮೇಟಿನಲ್ಲಿ ಎರಡು ಹೊಸ ಡಿಸ್ಕ್ ಬರೆದಿದ್ದರು!

ಎಡಗಡೆ ಮಾತ್ರ ಯಾಕೆ ಹೀಗೆ ಸವೆದಿದೆ? ಎಡಗಡೆಯದು ಮಾತ್ರ ಬದಲಿಸಿದರೆ ಸಾಕಾ?

ಹಳೇ ಸ್ಪ್ಯಾನರ್

ಸಾಲದು ಸರ್. ಬದಲಿಸುವುದಾದರೆ ಎಡ, ಬಲ ಎರಡೂ, ಒಂದೇ ಡಬ್ಬದ ನಾಲ್ಕು ಪ್ಯಾಡ್. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೇದು ಅಂದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಆದರೆ ನೀವು ಕೊಟ್ಟ ಅಂಕಿ ನೋಡಿದ ಮೇಲೆ ನನಗೆ ಪ್ಯಾಡಿಗಿಂತ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಚಿಂತೆ. ಎಡಗಡೆ ಒಳಗಿನದು 2, ಹೊರಗಿನದು 6. ಇದು ಪ್ಯಾಡಿನ ಗುಣದಿಂದ ಆಗುವುದಿಲ್ಲ. ಸ್ವಿಫ್ಟ್‌ನಲ್ಲಿ ಕ್ಯಾಲಿಪರ್‌ಗೆ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಬ್ರೇಕ್ ಒತ್ತಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಡಿಸ್ಕಿಗೆ ತಳ್ಳುತ್ತದೆ. ಆಮೇಲೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಒಳಗಿನ ಪ್ಯಾಡ್ ಒಂದೇ ದುಡಿಯುತ್ತದೆ. ಬಿಟ್ಟ ಮೇಲೂ ಪೂರ್ತಿ ಹಿಂದೆ ಸರಿಯುವುದಿಲ್ಲ, ಉಜ್ಜುತ್ತಲೇ ಇರುತ್ತದೆ. ಮೈಲೇಜೂ ಕಡಿಮೆ.

ಪಿನ್ ಎರಡನ್ನೂ ಹೊರಗೆ ಎಳೆಸಿ. ಒಳ್ಳೇ ಪಿನ್ ಕೈಯಲ್ಲಿ ಎಳೆದರೆ ಮೆತ್ತಗೆ ಬರುತ್ತದೆ, ಬಿಟ್ಟರೆ ಒಳಗಿನ ಗಾಳಿ ಎಳೆದುಕೊಂಡು ಸ್ವಲ್ಪ ಹಿಂದೆ ಹೋಗುತ್ತದೆ. ಹಿಡಿದುಕೊಂಡ ಪಿನ್ನಿಗೆ ಸ್ಕ್ರೂಡ್ರೈವರ್ ಹಾಕಿ ತಿರುಗಿಸಬೇಕಾಗುತ್ತದೆ. ಹೊರಗೆ ಬಂದಾಗ ಗ್ರೀಸ್ ಒಣಗಿ ಕಂದು ಅಂಟಾಗಿರುತ್ತದೆ, ಒಂದು ಕಡೆ ತುಕ್ಕಿನ ಪಟ್ಟೆ ಇರುತ್ತದೆ. ಅದರ ರಬ್ಬರ್ ಬೂಟ್ ನೋಡಿ, ಹೆಚ್ಚಾಗಿ ಅಲ್ಲೇ ಸೀಳಿ ನೀರು ಹೋಗಿರುತ್ತದೆ. ಬೂಟ್ ಹರಿದಿದ್ದರೆ ಹೊಸದು ಹಾಕಿಸಿ, ರೇಟು ದೊಡ್ಡದಲ್ಲ. ಪಿನ್ ಗುಳಿ ಬಿದ್ದಿದ್ದರೆ ಪಿನ್ನೂ ಹೊಸದು. ತೂತು ಒಳಗೆ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ, ಬ್ರೇಕಿಗೆ ಅಂತಲೇ ಸಿಗುವ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಬೇಕು. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಇದು ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳಲ್ಲಿ ದಿನನಿತ್ಯ ಕಾಣುವ ಕಥೆ.

ಪಿನ್ ಚೆನ್ನಾಗಿದ್ದರೆ ಪಿಸ್ಟನ್ ನೋಡಬೇಕು. ಒಳಕ್ಕೆ ತಳ್ಳುವಾಗ ಒಂದೇ ಸಮನೆ ಹೋಗಬೇಕು. ಅದರ ಸುತ್ತಲಿನ ರಬ್ಬರ್ ಹರಿದು ಪಿಸ್ಟನ್‌ಗೆ ತುಕ್ಕು ಹತ್ತಿದ್ದರೆ ಸೀಲ್ ಕಿಟ್ ಹಾಕಬೇಕಾಗುತ್ತದೆ.

ಈ ಕೆಲಸ ಮಾಡದೆ ಚಿನ್ನದ ಪ್ಯಾಡ್ ಹಾಕಿದರೂ ಎಡಗಡೆ ಒಳಗಿನದು ಮತ್ತೆ ಮೊದಲು ಮುಗಿಯುತ್ತದೆ.

ಕಡಲತಡಿ

ಸ್ಪ್ಯಾನರ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಹೌದು. ನಮ್ಮದು ಉಡುಪಿ. ಉಪ್ಪು ಗಾಳಿ, ನಾಲ್ಕು ತಿಂಗಳು ಮಳೆ. ಇಲ್ಲಿ ಪ್ಯಾಡ್ ಸವೆದು ಮುಗಿಯುವುದಕ್ಕಿಂತ ಪ್ಯಾಡ್ ಕೂರುವ ಜಾಗ ತುಕ್ಕು ಹಿಡಿದು ಸಿಕ್ಕಿಹಾಕಿಕೊಳ್ಳುವುದೇ ಜಾಸ್ತಿ ಮಾರಾಯ್ರೆ. ಪ್ಯಾಡಿನ ಕಿವಿ ಕೂರುವ ಸ್ಟೀಲ್ ಕ್ಲಿಪ್ ಇದೆಯಲ್ಲ, ಅದರ ಅಡಿಯಲ್ಲಿ ತುಕ್ಕು ಪದರ ಕಟ್ಟಿ ಕ್ಲಿಪ್ಪನ್ನು ಮೇಲೆತ್ತುತ್ತದೆ. ಪ್ಯಾಡ್ ಬಿಗಿಯಾಗಿಬಿಡುತ್ತದೆ. ಕೆಲವು ಕಡೆ ಹೊಸ ಪ್ಯಾಡ್ ಕೂರದಿದ್ದರೆ ಸುತ್ತಿಗೆಯಲ್ಲಿ ಕುಟ್ಟಿ ಕೂರಿಸುತ್ತಾರೆ. ಅದಕ್ಕೆ ಬಿಡಬೇಡಿ. ಕ್ಲಿಪ್ ತೆಗೆಸಿ, ಅಡಿಯ ತುಕ್ಕು ಕೆರೆಸಿ. ಹೊಸ ಕ್ಲಿಪ್ ಡಬ್ಬದಲ್ಲಿ ಇದ್ದರೆ ಹಾಕಿಸಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು.

ಮತ್ತೆ ಮಳೆಯಲ್ಲಿ ರಾತ್ರಿ ನಿಂತ ಗಾಡಿಯ ಡಿಸ್ಕ್ ಬೆಳಗ್ಗೆ ಕೆಂಪಗೆ ಕಂಡರೆ ಹೆದರಬೇಡಿ. ಅದು ಮೇಲಿನ ತೆಳು ತುಕ್ಕು. ಗೇಟು ದಾಟಿ ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ತುಮಕೂರು ಟಾಪ್ ಗೇರ್

ಇಷ್ಟೆಲ್ಲ ತಲೆನೋವು ಯಾಕೆ? ಬಾಳಿಕೆ ಬರುವ ಹಾರ್ಡ್ ಪ್ಯಾಡ್ ಒಂದು ಸಲ ಹಾಕಿಸಿದರೆ ಲಕ್ಷ ಕಿಲೋಮೀಟರ್ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ನಮ್ಮ ಕಡೆ ಟ್ಯಾಕ್ಸಿಯವರೆಲ್ಲ ಅದನ್ನೇ ಹಾಕಿಸುತ್ತಾರೆ.

ಹಳೇ ಸ್ಪ್ಯಾನರ್

ತಮ್ಮಾ, ಬಾಳಿಕೆ ಒಂದೇ ನೋಡಿದರೆ ಆಗಲ್ಲ. ಗಟ್ಟಿ ಪ್ಯಾಡ್ ತಾನು ಸವೆಯದೆ ಡಿಸ್ಕನ್ನು ಸವೆಸುತ್ತದೆ. ಪ್ಯಾಡಿನ ರೇಟೆಷ್ಟು, ಡಿಸ್ಕಿನ ರೇಟೆಷ್ಟು? ಅದಕ್ಕಿಂತ ಮುಖ್ಯ, ಅಗ್ಗದ ಗಟ್ಟಿ ಪ್ಯಾಡ್ ತಣ್ಣಗಿದ್ದಾಗ ಸರಿಯಾಗಿ ಹಿಡಿಯುವುದಿಲ್ಲ. ಬೆಳಗ್ಗೆ ಗಾಡಿ ತೆಗೆದ ಕೂಡಲೇ ಎದುರಿಗೆ ಸ್ಕೂಲ್ ಮಗು ಓಡಿಬಂದರೆ ಮೊದಲ ಒತ್ತಿಗೇ ನಿಲ್ಲಬೇಕು. ದಿನಾ ಎಂಟು ಹತ್ತು ಗಂಟೆ ಓಡುವ ಟ್ಯಾಕ್ಸಿ ಲೆಕ್ಕ ಬೇರೆ, ಮನೆ ಗಾಡಿಯ ಲೆಕ್ಕ ಬೇರೆ.

ಸೆಮಿ ಮೆಟಾಲಿಕ್ ಬಗ್ಗೆಯೂ ಇದೇ ಜಾಗದಲ್ಲಿ ಹೇಳಿಬಿಡುತ್ತೇನೆ. ಅದರಲ್ಲಿ ಉಕ್ಕಿನ ಎಳೆ, ಕಬ್ಬಿಣದ ಪುಡಿ ಚೆನ್ನಾಗಿ ಇರುತ್ತದೆ. ಬಿಸಿ ತಡೆಯುತ್ತದೆ, ಭಾರದ ಗಾಡಿಗೆ ಒಳ್ಳೇದು. ಆದರೆ ಸದ್ದು, ಪುಡಿ ಎರಡೂ ಜಾಸ್ತಿ. ಲೋಹ ಬಿಸಿಯನ್ನು ಹಿಂದಕ್ಕೂ ಸಾಗಿಸುವುದರಿಂದ ಪಿಸ್ಟನ್, ಬ್ರೇಕ್ ಆಯಿಲ್ ಕೂಡ ಹೆಚ್ಚು ಕಾಯುತ್ತವೆ. ಜಪಾನ್ ಮೂಲದ ಸಣ್ಣ ಗಾಡಿಗಳಿಗೆ ಕಂಪನಿಯಿಂದ ಬರುವುದು ಹೆಚ್ಚಾಗಿ ಮೆತ್ತನೆಯ, ಉಕ್ಕಿಲ್ಲದ ಆರ್ಗಾನಿಕ್ ಜಾತಿ. ಸದ್ದಿಲ್ಲ, ಡಿಸ್ಕಿಗೆ ಒಳ್ಳೇದು, ತಣ್ಣಗಿದ್ದಾಗಲೂ ಹಿಡಿಯುತ್ತದೆ. ಯುರೋಪಿನ ಗಾಡಿಗಳಲ್ಲಿ ಲೋಹ ಸೇರಿದ ಪ್ಯಾಡ್, ಅದಕ್ಕೇ ಪೋಲೊ, ಸ್ಕೋಡಾ ಮುಂದಿನ ಚಕ್ರಗಳು ಬೇಗ ಕಪ್ಪಾಗುತ್ತವೆ.

ಧಾರವಾಡದ ಸಾಹೇಬರು ಹೇಳಿದ ಸೆರಾಮಿಕ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಒಳ್ಳೇ ಕಂಪನಿಯದಾದರೆ ಚೊಕ್ಕವಾಗಿ ಓಡುತ್ತದೆ. ಆದರೆ ಘಟ್ಟಕ್ಕೆ ಸೆರಾಮಿಕ್ಕೇ ಬೇಕು ಅನ್ನುವುದು ಮಾರುವವರ ಮಾತು. ಸ್ವಿಫ್ಟ್ ಹಗುರ ಗಾಡಿ, ಎರಡನೇ ಗೇರಿನಲ್ಲಿ ಇಳಿದರೆ ಕಂಪನಿ ಪ್ಯಾಡೇ ಧಾರಾಳ.

ಧಾರವಾಡದ ದಾರಿ

ಅಣ್ಣಾ, ಒಪ್ಪಿದೆ. ನಮ್ಮ ಹೈವೇಗೆ ಹೊಂದುತ್ತದೆ ಅಂತ ಹೇಳಿದ್ದು. ಒಂದು ಸಂಶಯ. ಘಟ್ಟದಲ್ಲಿ ಬ್ರೇಕ್ ಹೋಯಿತು ಅಂತಾರಲ್ಲ, ಆವಾಗ ನಿಜಕ್ಕೂ ಏನಾಗುತ್ತದೆ?

ಮೇಷ್ಟ್ರು ಮಾತು

ಎರಡು ಬೇರೆ ಬೇರೆ ಸಂಗತಿ ಇವೆ, ಕಾಲಿಗೆ ಗೊತ್ತಾಗುವ ರೀತಿಯೂ ಬೇರೆ.

ಒಂದು, ಪ್ಯಾಡೇ ಸೋಲುವುದು. ಮಸಾಲೆ ತನ್ನ ಮಿತಿ ದಾಟಿ ಕಾದರೆ ಅದರೊಳಗಿನ ಅಂಟು ಅನಿಲ ಬಿಡುತ್ತದೆ, ಹಿಡಿತ ಇಳಿಯುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ನಿಧಾನ ಆಗುವುದಿಲ್ಲ. ಸುಟ್ಟ ವಾಸನೆ ಬರುತ್ತದೆ.

ಎರಡು, ಬ್ರೇಕ್ ಆಯಿಲ್ ಕುದಿಯುವುದು. ಇದು ಇನ್ನೂ ಅಪಾಯ. ಆಯಿಲ್ ಕುದ್ದು ಆವಿಯ ಗುಳ್ಳೆ ಆದರೆ, ನೀವು ಒತ್ತಿದ ಒತ್ತಡವೆಲ್ಲ ಗುಳ್ಳೆ ಕುಗ್ಗಿಸುವುದಕ್ಕೇ ಖರ್ಚಾಗುತ್ತದೆ. ಪೆಡಲ್ ಮೆತ್ತಗಾಗಿ ಕೆಳಗಿನ ತನಕ ಹೋಗುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುವ ಸ್ವಭಾವದ್ದು. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ, ತೇವ ಸೇರಿದ ಮೇಲೆ ಆ ಮಿತಿ 140. ಡಾಟ್ 4ಕ್ಕೆ ಹೊಸದಿದ್ದಾಗ 230, ತೇವ ಸೇರಿದಾಗ 155. ಹಳೇ ಆಯಿಲ್ ಇಟ್ಟುಕೊಂಡು ಪ್ಯಾಡ್ ಮಾತ್ರ ದುಬಾರಿಯದು ಹಾಕಿದರೆ ಏನು ಬಂತು? ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸುವುದು ಒಳ್ಳೆಯ ರೂಢಿ. ಯಾವುದು ಅಂತ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಅನ್ನುವುದು ಸಿಲಿಕೋನ್ ಜಾತಿ, ಇವುಗಳ ಜೊತೆ ಬೆರೆಸಲೇಬಾರದು.

ಘಟ್ಟದ ಮಧ್ಯೆ ವಾಸನೆ ಬಂದರೆ ಅಥವಾ ಪೆಡಲ್ ಮೆತ್ತಗೆ ಅನ್ನಿಸಿದರೆ ಗೇರ್ ಇಳಿಸಿ, ಸುರಕ್ಷಿತ ಜಾಗದಲ್ಲಿ ಬದಿಗೆ ನಿಲ್ಲಿಸಿ. ಡಿಸ್ಕಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡಬಹುದು. ಸುಮ್ನೆ ಆರಲು ಬಿಡಿ.

ಮಳೆಗಾಲ

ನಾನೇ ಮನೆಯಲ್ಲಿ ಪ್ಯಾಡ್ ಬದಲಿಸಬೇಕು ಅಂತ ಆಸೆ. ಜ್ಯಾಕ್, ಸ್ಟ್ಯಾಂಡ್, ಸ್ಪ್ಯಾನರ್ ಎಲ್ಲ ಇದೆ. ಯಾವುದರಲ್ಲಿ ಹುಷಾರಾಗಿರಬೇಕು ಅಣ್ಣ?

ಹಳೇ ಸ್ಪ್ಯಾನರ್

ಮಾಡಬಹುದು, ಆದರೆ ಮೊದಲ ಸಲ ತಿಳಿದವರು ಪಕ್ಕದಲ್ಲಿರಲಿ.

ಗಾಡಿ ಸ್ಟ್ಯಾಂಡ್ ಮೇಲೆ ಇರಲಿ, ಬರೀ ಜ್ಯಾಕ್ ನಂಬಬೇಡಿ. ಪಿಸ್ಟನ್ ಒಳಕ್ಕೆ ತಳ್ಳುವ ಮೊದಲು ಆಯಿಲ್ ಡಬ್ಬಿಯ ಮಟ್ಟ ನೋಡಿ. ಪ್ಯಾಡ್ ಸವೆದಂತೆ ಡಬ್ಬಿಯಲ್ಲಿ ಮಟ್ಟ ಇಳಿಯುವುದು ಸಹಜ. ಮಧ್ಯೆ ಯಾರಾದರೂ ತುಂಬಿಸಿಟ್ಟಿದ್ದರೆ, ಪಿಸ್ಟನ್ ತಳ್ಳಿದಾಗ ಉಕ್ಕಿ ಪೇಂಟ್ ಮೇಲೆ ಬೀಳುತ್ತದೆ, ಪೇಂಟ್ ಎದ್ದುಹೋಗುತ್ತದೆ. ಕ್ಯಾಲಿಪರ್ ಬಿಚ್ಚಿದಾಗ ಹೋಸ್ ಮೇಲೆ ನೇತಾಡಲು ಬಿಡಬೇಡಿ, ತಂತಿಯಲ್ಲಿ ಕಟ್ಟಿ. ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ. ಮಾಸ್ಕ್ ಇರಲಿ. ಹಿಂದೆ ಪ್ಯಾಡ್, ಲೈನರ್‌ಗಳಲ್ಲಿ (ಡ್ರಮ್ ಬ್ರೇಕಿನ ಒಳಗೆ ಉಜ್ಜುವ ಪದರ) ಕಲ್ನಾರು ಹಾಕುತ್ತಿದ್ದರು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವಂಥದ್ದು. ಡಬ್ಬದ ಮೇಲೆ ಕಲ್ನಾರು ಇಲ್ಲ ಅಂತ ಬರೆದಿರುವುದನ್ನೇ ಕೊಳ್ಳಿ. ಹೊಸ ಪ್ಯಾಡಿನ ಮುಖಕ್ಕೆ, ಡಿಸ್ಕಿಗೆ ಗ್ರೀಸ್ ಕೈ ತಾಗಬಾರದು.

ಎಲ್ಲಕ್ಕಿಂತ ಮುಖ್ಯ ಇದು. ಚಕ್ರ ಹಾಕಿದ ಮೇಲೆ, ಗಾಡಿ ಅಲುಗಿಸುವ ಮೊದಲು, ಪೆಡಲ್ ಗಟ್ಟಿಯಾಗುವ ತನಕ ಒತ್ತಿ ಬಿಡಿ, ಒತ್ತಿ ಬಿಡಿ. ಪಿಸ್ಟನ್ ಹಿಂದೆ ಹೋಗಿರುವುದರಿಂದ ಮೊದಲ ಒತ್ತಿಗೆ ಬ್ರೇಕ್ ಇರುವುದೇ ಇಲ್ಲ. ಹಾಗೇ ರಿವರ್ಸ್ ತೆಗೆದರೆ ಗಾಡಿ ಗೋಡೆಗೆ ಹೋಗುತ್ತದೆ.

ಹಿಂದೆಯೂ ಡಿಸ್ಕ್ ಇದ್ದು ಬಟನ್ ಹ್ಯಾಂಡ್ ಬ್ರೇಕ್ ಇರುವ ಗಾಡಿ ಆದರೆ ಹಿಂದಿನದನ್ನು ಮನೆಯಲ್ಲಿ ಮುಟ್ಟಬೇಡಿ. ಅದರ ಮೋಟಾರನ್ನು ಸರ್ವಿಸ್ ಮೋಡಿಗೆ ಹಾಕಿಯೇ ಪಿಸ್ಟನ್ ತಳ್ಳಬೇಕು.

ಕಡಲತಡಿ

ಹೊಸ ಪ್ಯಾಡ್ ಹದಕ್ಕೆ ತರುವುದನ್ನೂ ಹೇಳಿ ಅಣ್ಣ. ಅದನ್ನು ಯಾವ ಗ್ಯಾರೇಜಿನವರೂ ಹೇಳಿಕೊಡುವುದಿಲ್ಲ.

ಹಳೇ ಸ್ಪ್ಯಾನರ್

ಹೌದಕ್ಕ, ಅದು ಮರೆತರೆ ಒಳ್ಳೇ ಪ್ಯಾಡೂ ಸದ್ದು ಮಾಡುತ್ತದೆ. ಖಾಲಿ ರಸ್ತೆಗೆ ಹೋಗಿ. 50, 60 ಕಿ.ಮೀ. ವೇಗದಿಂದ ಹದವಾಗಿ ಬ್ರೇಕ್ ಒತ್ತಿ 10, 15ಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ಸ್ವಲ್ಪ ಓಡಿಸಿ ಆರಲು ಬಿಟ್ಟು ಮತ್ತೆ ಹಾಗೇ ಮಾಡಿ. ಎಂಟು ಹತ್ತು ಸಲ ಆದ ಮೇಲೆ ಬ್ರೇಕ್ ಮುಟ್ಟದೆ ಒಂದಿಷ್ಟು ದೂರ ಓಡಿಸಿ ತಣ್ಣಗೆ ಮಾಡಿ. ಪ್ಯಾಡಿನ ಮಸಾಲೆ ಡಿಸ್ಕಿನ ಮೈಗೆ ತೆಳ್ಳಗೆ, ಒಂದೇ ಸಮ ಹತ್ತಬೇಕು, ಅದಕ್ಕೆ ಇಷ್ಟು ಕೆಲಸ. ಕಾದ ಡಿಸ್ಕಿನ ಮೇಲೆ ಪೆಡಲ್ ಒತ್ತಿ ನಿಂತರೆ ಒಂದೇ ಜಾಗದಲ್ಲಿ ಮಸಾಲೆ ಅಂಟುತ್ತದೆ. ಆಮೇಲೆ ಸ್ಟೀರಿಂಗ್ ಅದುರುತ್ತದೆ, ಜನ ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಬೆಂಡ್ ಅನ್ನುವುದರಲ್ಲಿ ಬಹುಪಾಲು ಹೀಗೆ ಅಂಟಿದ ಮಸಾಲೆ, ಇಲ್ಲವೇ ದಪ್ಪದಲ್ಲಿ ಬಂದ ಏರುಪೇರು.

ಹದಕ್ಕೆ ಬರುವ ತನಕ, ಒಂದು ಇನ್ನೂರು ಮುನ್ನೂರು ಕಿಲೋಮೀಟರ್, ಘಟ್ಟ ಬೇಡ.

ಶಿರಾಡಿ ಸವಾರ

ಕೆಲಸ ಮುಗಿಯಿತು. ಎಡಗಡೆ ಕೆಳಗಿನ ಪಿನ್ ಪೂರ್ತಿ ಹಿಡಿದುಕೊಂಡಿತ್ತು, ರಬ್ಬರ್ ಬೂಟ್ ಸೀಳಿತ್ತು. ಸ್ಪ್ಯಾನರ್ ಅಣ್ಣ ಹೇಳಿದ ಹಾಗೆಯೇ ಕಂದು ಅಂಟು. ಪಿನ್, ಬೂಟ್ ಎರಡೂ ಕಡೆ ಹೊಸದು. ಪ್ಯಾಡ್ ಮಾರುತಿ ಡಬ್ಬದ್ದೇ ಜೆ.ಸಿ. ರೋಡಿನಿಂದ ಬಿಲ್ ಸಮೇತ ತಂದೆ, ಚಾಸಿಸ್ ನಂಬರ್ ಕೊಟ್ಟು. ಬ್ರೇಕ್ ಆಯಿಲ್ ಬದಲಿಸಿದ ದಾಖಲೆ ಸರ್ವಿಸ್ ಬುಕ್ಕಿನಲ್ಲಿ ಮೂರು ವರ್ಷ ಹಿಂದಿನದು, ಅದನ್ನೂ ಬದಲಿಸಿದೆ. ಡಿಸ್ಕ್ ಹಳೇದೇ. ಎಲ್ಲ ಸೇರಿಯೂ ಮೊದಲ ಎಸ್ಟಿಮೇಟಿನ ಅರ್ಧಕ್ಕಿಂತ ಕಡಿಮೆ ಆಯಿತು.

ಒಂದೇ ಒಂದು ಪ್ರಶ್ನೆ ಉಳಿದಿದೆ. ಹ್ಯಾಂಡ್ ಬ್ರೇಕ್ ಲಿವರ್ ಮೊದಲಿಗಿಂತ ತುಂಬ ಮೇಲೆ ಬರುತ್ತಿದೆ. ಮುಂದಿನ ಕೆಲಸಕ್ಕೂ ಇದಕ್ಕೂ ಸಂಬಂಧ ಇದೆಯಾ?

ಹಳೇ ಸ್ಪ್ಯಾನರ್

ಇಲ್ಲ ಸರ್, ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಡ್ರಮ್ ಒಳಗಿನ ಲೈನರನ್ನು. ಲೈನರ್ ಸವೆದು ಡ್ರಮ್ಮಿನಿಂದ ದೂರ ಆಗಿದೆ, ಅದನ್ನು ಹತ್ತಿರ ತರುವ ಒಳಗಿನ ಅಡ್ಜಸ್ಟರ್ ತಿರುಗುತ್ತಿಲ್ಲ ಅಂತ ಕಾಣುತ್ತದೆ. ಡ್ರಮ್ ತೆಗೆಸಿ ಲೈನರ್ ದಪ್ಪ ನೋಡಿಸಿ, ವೀಲ್ ಸಿಲಿಂಡರ್ ಹತ್ತಿರ ಆಯಿಲ್ ಒಸರಿದೆಯಾ ನೋಡಿಸಿ. ಬರೀ ಕೇಬಲ್ ಬಿಗಿ ಮಾಡಿಸಿ ಕೈಬಿಡಬೇಡಿ, ಮೊದಲು ಡ್ರಮ್ ಒಳಗಿನ ಅಡ್ಜಸ್ಟರ್ ಸರಿಯಾಗಬೇಕು, ಕೇಬಲ್ ಆಮೇಲೆ. ಪುತ್ತೂರಿಗೆ ಹೋಗುವ ದಾರಿಯಲ್ಲಿ ಹಾಸನದಲ್ಲಿ ನಿಲ್ಲಿಸುವುದಾದರೆ ಬೆಳಗ್ಗೆ ಬೇಗ ಬನ್ನಿ, ಡ್ರಮ್ ಎರಡೂ ತೆಗೆದು ನೋಡೋಣ.